ಮಡಕೆ, ಕೋಷ್ಟಕ, ಕಥನ: ಡೇವಿಡ್ ಕ್ಲಾರ್ಕ್ ಮತ್ತು ಗಣಕಯುಗದ ಪ್ರಾಗೈತಿಹಾಸ

ಬರಹವಿಲ್ಲದ ಕಾಲದ ಮನುಷ್ಯನನ್ನು ಅರಿಯಲು ಹೊರಟವರಿಗೆ ಎರಡು ಬಗೆಯ ಸಾಮಗ್ರಿ ಮಾತ್ರ ದೊರೆಯುತ್ತದೆ. ಒಂದು ನೆಲದೊಳಗೆ ಉಳಿದ ವಸ್ತು, ಇನ್ನೊಂದು ಬಾಯಿಂದ ಬಾಯಿಗೆ ಉಳಿದ ಮಾತು. ಮೊದಲನೆಯದು ಪುರಾತತ್ವಜ್ಞರ ಕ್ಷೇತ್ರ, ಎರಡನೆಯದು ಜಾನಪದ ವಿದ್ವಾಂಸರ ಕ್ಷೇತ್ರ. ಇವೆರಡರ ಅಧ್ಯಯನ ಪದ್ಧತಿಗಳು ಬೇರೆಯಾಗಿ ಬೆಳೆದಿದ್ದರೂ ಮೂಲಭೂತ ಸಮಸ್ಯೆ ಒಂದೇ ಆಗಿದೆ. ಸಾವಿರಾರು ಬಿಡಿ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಯಾವುದು ಯಾವುದಕ್ಕೆ ಹತ್ತಿರ, ಯಾವುದು ಮೊದಲು, ಯಾವುದು ಎಲ್ಲಿಂದ ಬಂತು ಎಂದು ತೀರ್ಮಾನಿಸುವುದು ಹೇಗೆ? ಈ ಪ್ರಶ್ನೆಗೆ ಗಣಕಯಂತ್ರದ ನೆರವಿನಿಂದ ಉತ್ತರ ಹುಡುಕಿದ ಮೊದಲ ತಲೆಮಾರಿನ ಪುರಾತತ್ವಜ್ಞರಲ್ಲಿ ಇಂಗ್ಲೆಂಡಿನ ಡೇವಿಡ್ ಲಿಯೊನಾರ್ಡ್ ಕ್ಲಾರ್ಕ್ (1937–1976) ಪ್ರಮುಖರು. ಕೇವಲ 38 ವರ್ಷ ಬದುಕಿದ್ದ ಈ ವಿದ್ವಾಂಸರ ಸಾಧನೆಯನ್ನೂ ಅವರ ತೀರ್ಮಾನಗಳು ಮುಂದೆ ಪಡೆದ ಗತಿಯನ್ನೂ ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚೀಟಿಗಳಿಂದ ಗಣಕದವರೆಗೆ

ವಸ್ತುಗಳನ್ನು ಎಣಿಸಿ, ಹೋಲಿಸಿ, ಸಾಲಾಗಿ ಜೋಡಿಸುವ ಕ್ರಮವು ಗಣಕಯಂತ್ರಕ್ಕಿಂತ ಹಳೆಯದು. ಈಜಿಪ್ಟಿನಲ್ಲಿ ಉತ್ಖನನ ನಡೆಸಿದ ಫ್ಲಿಂಡರ್ಸ್ ಪೆಟ್ರಿ ಅವರು 1899ರಲ್ಲಿಯೇ ಇಂಥ ಒಂದು ಕ್ರಮವನ್ನು ಪ್ರಕಟಿಸಿದ್ದರು. ಫೇರೋಗಳ ಕಾಲಕ್ಕಿಂತ ಹಿಂದಿನ ಸುಮಾರು 900 ಸಮಾಧಿಗಳಲ್ಲಿ ದೊರೆತ ಮಡಕೆಗಳ ವಿವರವನ್ನು ಸಮಾಧಿಗೊಂದರಂತೆ ಚೀಟಿಗಳಲ್ಲಿ ಬರೆದು, ಒಂದೇ ಬಗೆಯ ಮಡಕೆಗಳಿದ್ದ ಚೀಟಿಗಳು ಹತ್ತಿರ ಬರುವವರೆಗೆ ಅವನ್ನು ಮತ್ತೆ ಮತ್ತೆ ಹೊಂದಿಸಿ ಕಾಲಾನುಕ್ರಮವನ್ನು ರೂಪಿಸಿದರು. ನಮ್ಮಲ್ಲಿ ಕಥೆಗಳ ಆಶಯಗಳನ್ನು ಚೀಟಿಗಳಲ್ಲಿ ಬರೆದು ಪೆಟ್ಟಿಗೆಗಳಲ್ಲಿ ಜೋಡಿಸಿದ ಹಿರಿಯ ಸಂಗ್ರಾಹಕರಿಗೆ ಈ ಶ್ರಮದ ಪರಿಚಯವಿದೆ.

1951ರಲ್ಲಿ ಅಮೆರಿಕದ ಬ್ರೈನರ್ಡ್ ಮತ್ತು ರಾಬಿನ್‌ಸನ್ ಅವರು ಇದೇ ಜೋಡಣೆಗೆ ಗಣಿತದ ರೂಪ ಕೊಟ್ಟರು. ಅವರ ಕ್ರಮದಲ್ಲಿ ಪ್ರತಿಯೊಂದು ಸಂಗ್ರಹವನ್ನೂ ಉಳಿದೆಲ್ಲ ಸಂಗ್ರಹಗಳೊಂದಿಗೆ ಹೋಲಿಸಿ, ಸಾಮ್ಯದ ಪ್ರಮಾಣವನ್ನು ಅಂಕಿಯಲ್ಲಿ ಗುರುತಿಸಿ, ಚೌಕಾಕಾರದ ಕೋಷ್ಟಕದಲ್ಲಿ ಬರೆಯಲಾಗುತ್ತದೆ. ದೊಡ್ಡ ಅಂಕಿಗಳೆಲ್ಲ ಕೋಷ್ಟಕದ ಕರ್ಣರೇಖೆಯ ಬಳಿಗೆ ಬರುವಂತೆ ಸಾಲುಗಳನ್ನು ಅದಲುಬದಲು ಮಾಡುತ್ತ ಹೋದರೆ ಒಂದು ಅನುಕ್ರಮ ಮೂಡುತ್ತದೆ. ಹತ್ತು ಸಂಗ್ರಹಗಳಿದ್ದರೆ ಈ ಕೆಲಸ ಕೈಯಿಂದ ಆಗಬಹುದು. ನೂರಾರು ಇದ್ದರೆ ಮನುಷ್ಯನ ತಾಳ್ಮೆ ಸಾಲದು. ಗಣಕಯಂತ್ರವು ಪುರಾತತ್ವಕ್ಕೆ ಪ್ರವೇಶ ಪಡೆದದ್ದು ಈ ಅಗತ್ಯದಿಂದ. ಇದೇ ದಶಕದಲ್ಲಿ, 1955ರಲ್ಲಿ, ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಅವರು ಪುರಾಣಗಳ ರಚನೆಯನ್ನು ಕುರಿತ ಪ್ರಸಿದ್ಧ ಪ್ರಬಂಧದಲ್ಲಿ, ಭಿನ್ನಪಾಠಗಳ ಸಂಖ್ಯೆ ಹೆಚ್ಚಿದಂತೆ ರಂಧ್ರಕಾರ್ಡುಗಳೂ ಗಣಕಸಾಧನಗಳೂ ಬೇಕಾಗುತ್ತವೆ ಎಂದು ಸೂಚಿಸಿದ್ದರು. ಎರಡು ಕ್ಷೇತ್ರಗಳೂ ಒಂದೇ ಕಾಲದಲ್ಲಿ ಒಂದೇ ಬಾಗಿಲ ಮುಂದೆ ನಿಂತಿದ್ದವೆಂಬುದು ಗಮನಾರ್ಹ.

ಬೀಕರ್ ಮಡಕೆಗಳ ಅಧ್ಯಯನ

ಕ್ಲಾರ್ಕ್ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಪೀಟರ್‌ಹೌಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಅಲ್ಲಿಯೇ ಸಂಶೋಧನೆಯನ್ನು ಕೈಗೊಂಡರು. 1949ರಲ್ಲಿ ಎಡ್‌ಸ್ಯಾಕ್ ಎಂಬ ಗಣಕಯಂತ್ರವನ್ನು ಕಟ್ಟಿ ನಡೆಸಿದ ವಿಶ್ವವಿದ್ಯಾಲಯವದು. ಅವರು ಆಯ್ದುಕೊಂಡ ವಿಷಯ ಬ್ರಿಟನ್ ಮತ್ತು ಐರ್ಲೆಂಡಿನ ‘ಬೀಕರ್’ ಮಡಕೆಗಳು. ಕ್ರಿ.ಪೂ. ಸುಮಾರು 2450ರಿಂದ ಬ್ರಿಟನ್ನಿನಲ್ಲಿ ಕಾಣಿಸಿಕೊಳ್ಳುವ ಈ ಪಾತ್ರೆಗಳು ತಲೆಕೆಳಗಾದ ಗಂಟೆಯ ಆಕಾರದವು. ಹಸಿಮಣ್ಣಿನ ಮೇಲೆ ಹುರಿಯನ್ನೋ ಹಲ್ಲುಳ್ಳ ಬಾಚಣಿಗೆಯಂಥ ಉಪಕರಣವನ್ನೋ ಒತ್ತಿ ಅಡ್ಡಪಟ್ಟಿಗಳಲ್ಲಿ ಅಲಂಕಾರ ಮೂಡಿಸಿರುತ್ತಾರೆ. ಮೊಣಕಾಲು ಮಡಿಸಿ ಮಲಗಿಸಿದ ಶವದ ಪಕ್ಕದಲ್ಲಿ ಇಂಥದೊಂದು ಪಾತ್ರೆಯನ್ನು ಇಡುವ ಪದ್ಧತಿ ಯುರೋಪಿನ ಹಲವೆಡೆ ಇತ್ತು.

ಈ ಮಡಕೆಗಳನ್ನು ಜಾನ್ ಅಬರ್‌ಕ್ರೋಂಬಿ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದರು. ಅದು ಅನುಭವಸ್ಥನ ಕಣ್ಣಳತೆಯ ವರ್ಗೀಕರಣ. ಇಂಥ ಕಣ್ಣಳತೆಯಲ್ಲಿ ತಪ್ಪಿದೆಯೆಂದಲ್ಲ, ಅದನ್ನು ಪರೀಕ್ಷಿಸುವ ದಾರಿಯಿಲ್ಲ ಎಂಬುದು ಕ್ಲಾರ್ಕ್ ಅವರ ಆಕ್ಷೇಪದ ತಿರುಳು. ಒಬ್ಬ ವಿದ್ವಾಂಸ ಕತ್ತಿನ ಉದ್ದಕ್ಕೆ ಮಹತ್ವ ಕೊಟ್ಟಿರಬಹುದು, ಇನ್ನೊಬ್ಬ ಅಲಂಕಾರಕ್ಕೆ. ಯಾರು ಯಾವುದನ್ನು ಗಮನಿಸಿದರು, ಯಾವುದನ್ನು ಕೈಬಿಟ್ಟರು ಎಂಬುದು ಬರಹದಲ್ಲಿ ಉಳಿಯುವುದಿಲ್ಲ. ಕ್ಲಾರ್ಕ್ ಅವರು 1962ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಕಾರ, ಅಲಂಕಾರ, ಅಲಂಕಾರದ ಸ್ಥಾನ ಮುಂತಾದ ಲಕ್ಷಣಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ, ಯಾವ ಲಕ್ಷಣ ಯಾವುದರೊಡನೆ ಎಷ್ಟು ಬಾರಿ ಕೂಡಿಬರುತ್ತದೆಂಬುದನ್ನು ಕೋಷ್ಟಕಗಳ ಮೂಲಕ ವಿಶ್ಲೇಷಿಸಿದರು. 1964ರಲ್ಲಿ ಈ ವಿಷಯಕ್ಕೆ ಅವರಿಗೆ ಡಾಕ್ಟರೇಟ್ ದೊರೆಯಿತು. ಸಾವಿರಕ್ಕೂ ಹೆಚ್ಚು ಮಡಕೆಗಳ ದಾಖಲೆಯನ್ನೊಳಗೊಂಡ ಎರಡು ಸಂಪುಟಗಳ ಗ್ರಂಥ 1970ರಲ್ಲಿ ಹೊರಬಂತು. ಯುರೋಪಿನ ಮುಖ್ಯಭೂಮಿಯಿಂದ, ವಿಶೇಷವಾಗಿ ರೈನ್ ನದಿಯ ಪ್ರದೇಶದಿಂದ, ಏಳು ಬೇರೆ ಬೇರೆ ಗುಂಪುಗಳ ಜನ ಬ್ರಿಟನ್ನಿಗೆ ಬಂದರು ಎಂಬುದು ಅವರ ಮುಖ್ಯ ತೀರ್ಮಾನವಾಗಿತ್ತು.

ಬಹುಲಕ್ಷಣ ಸಮೂಹ ಎಂಬ ಕಲ್ಪನೆ

ಕ್ಲಾರ್ಕ್ ಅವರಿಗೆ ಖ್ಯಾತಿ ತಂದ ಕೃತಿ 1968ರಲ್ಲಿ ಪ್ರಕಟವಾದ ‘ಅನಲಿಟಿಕಲ್ ಆರ್ಕಿಯಾಲಜಿ’. ವ್ಯವಸ್ಥಾ ಸಿದ್ಧಾಂತ, ಭೂಗೋಳಶಾಸ್ತ್ರ, ಸಂಖ್ಯಾಶಾಸ್ತ್ರಗಳಿಂದ ಪರಿಕಲ್ಪನೆಗಳನ್ನು ಎರವಲು ತಂದ ಈ ಗ್ರಂಥದ ಭಾಷೆ ಕ್ಲಿಷ್ಟ. ಆದರೆ ಅದರಲ್ಲಿನ ಒಂದು ಕಲ್ಪನೆ ಜಾನಪದ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದೆ. ಜೀವಶಾಸ್ತ್ರದಲ್ಲಿ ಸೋಕಲ್ ಮತ್ತು ಸ್ನೀತ್ ಅವರು 1963ರಲ್ಲಿ ವಿವರಿಸಿದ್ದ ಸಂಖ್ಯಾತ್ಮಕ ವರ್ಗೀಕರಣದಿಂದ ಕ್ಲಾರ್ಕ್ ಅವರು ಅದನ್ನು ಪಡೆದರು. ‘ಪಾಲಿಥೆಟಿಕ್’ ಎಂಬ ಆ ಪರಿಭಾಷೆಯನ್ನು ಇಲ್ಲಿ ‘ಬಹುಲಕ್ಷಣ ಸಮೂಹ’ ಎಂದು ಕರೆಯಲಾಗಿದೆ.

ಹಳೆಯ ರೀತಿಯ ವರ್ಗೀಕರಣದಲ್ಲಿ ಒಂದು ವರ್ಗಕ್ಕೆ ಸೇರಲು ಒಂದು ನಿಶ್ಚಿತ ಲಕ್ಷಣ ಕಡ್ಡಾಯ. ಬಹುಲಕ್ಷಣ ಸಮೂಹದಲ್ಲಿ ಹಾಗಲ್ಲ. ಸಮೂಹದ ಪ್ರತಿಯೊಂದು ಸದಸ್ಯನಲ್ಲಿಯೂ ಹಲವು ಲಕ್ಷಣಗಳಿರುತ್ತವೆ. ಪ್ರತಿಯೊಂದು ಲಕ್ಷಣವೂ ಹಲವು ಸದಸ್ಯರಲ್ಲಿರುತ್ತದೆ. ಆದರೆ ಎಲ್ಲರಲ್ಲಿಯೂ ಇರಲೇಬೇಕಾದ ಲಕ್ಷಣ ಒಂದೂ ಇಲ್ಲದಿರಬಹುದು. ಒಂದು ಕುಟುಂಬದವರ ಮುಖಚರ್ಯೆಯಂತೆ ಇದು. ಮೂಗು ಒಬ್ಬರದು ತಾಯಿಯಂತೆ, ಹಣೆ ಇನ್ನೊಬ್ಬರದು ತಂದೆಯಂತೆ. ಎಲ್ಲರಿಗೂ ಸಮಾನವಾದ ಒಂದು ಅಂಶವಿಲ್ಲದಿದ್ದರೂ ಒಂದೇ ಮನೆಯವರೆಂದು ಗುರುತು ಸಿಗುತ್ತದೆ. ಒಂದು ಪ್ರಾಗೈತಿಹಾಸಿಕ ಸಂಸ್ಕೃತಿಯ ನೆಲೆಗಳು ಪರಸ್ಪರ ಹೀಗೆಯೇ ಸಂಬಂಧಿಸಿರುತ್ತವೆ ಎಂದು ಕ್ಲಾರ್ಕ್ ವಾದಿಸಿದರು.

ಜನಪದ ಕಥೆಗಳ ಭಿನ್ನಪಾಠಗಳನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ಎ.ಕೆ. ರಾಮಾನುಜನ್ ಅವರು ಚರ್ಚಿಸಿದ ಕನ್ನಡದ ‘ಹಂಚಿ’ಯ ಕಥೆಯನ್ನು ಇಲ್ಲಿ ನೆನೆಯಬಹುದು. ಅಂತಾರಾಷ್ಟ್ರೀಯ ವರ್ಗಸೂಚಿಯಲ್ಲಿ ಅದು ಸಿಂಡರೆಲಾ ಕಥಾವರ್ಗಕ್ಕೆ ಸೇರುತ್ತದೆ. ಆದರೆ ಆ ವರ್ಗದ ಅತ್ಯಂತ ಪರಿಚಿತ ಲಕ್ಷಣವಾದ ಪಾದರಕ್ಷೆ ಈ ಕಥೆಯಲ್ಲಿಲ್ಲ. ಹುಡುಗಿಯ ಗುರುತನ್ನು ಮರೆಮಾಡುವುದು, ಅವಳಿಗೆ ಹೆಸರನ್ನೂ ಕೊಡುವುದು ಮಣ್ಣಿನ ಮುಖವಾಡ. ಪಾದರಕ್ಷೆಯನ್ನು ಕಡ್ಡಾಯ ಲಕ್ಷಣವಾಗಿಟ್ಟುಕೊಂಡು ಹುಡುಕಿದವನಿಗೆ ಹಂಚಿ ಸಿಗುವುದೇ ಇಲ್ಲ. ಹಲವು ಲಕ್ಷಣಗಳನ್ನು ಒಟ್ಟಿಗೆ ನೋಡಿದವನಿಗೆ ಸಿಗುತ್ತಾಳೆ. ಆದರೆ ಸಿಕ್ಕ ಮೇಲೆ, ನಮ್ಮ ಕೌಟುಂಬಿಕ ಸಂಬಂಧಗಳ ಹಿನ್ನೆಲೆಯಲ್ಲಿ ಆ ಕಥೆ ಹೇಳುವುದೇನೆಂಬ ಪ್ರಶ್ನೆಗೆ ಲಕ್ಷಣಗಳ ಪಟ್ಟಿ ಉತ್ತರಿಸದು. ವರ್ಗೀಕರಣದ ಶಕ್ತಿ ಮತ್ತು ಮಿತಿ ಎರಡೂ ಇಲ್ಲಿಯೇ ಇವೆ.

ಗ್ಲಾಸ್ಟನ್‌ಬರಿಯ ಜೌಗುನೆಲದ ಗ್ರಾಮ

ಮಡಕೆಗಳಿಂದ ಇಡೀ ನೆಲೆಯೊಂದರ ವಿಶ್ಲೇಷಣೆಗೆ ಕ್ಲಾರ್ಕ್ ಅವರು ಮುಂದುವರಿದದ್ದು 1972ರಲ್ಲಿ, ತಾವೇ ಸಂಪಾದಿಸಿದ ‘ಮಾಡಲ್ಸ್ ಇನ್ ಆರ್ಕಿಯಾಲಜಿ’ ಗ್ರಂಥದ ಪ್ರಬಂಧದಲ್ಲಿ. ಸೊಮರ್‌ಸೆಟ್ ಪ್ರಾಂತದ ಗ್ಲಾಸ್ಟನ್‌ಬರಿಯಲ್ಲಿ ರೋಮನ್ನರು ಬರುವುದಕ್ಕೆ ಮುಂಚಿನ ಕಬ್ಬಿಣಯುಗದ ಗ್ರಾಮವೊಂದು ಜೌಗುನೆಲದಲ್ಲಿ ಹೂತುಹೋಗಿತ್ತು. ಸುಮಾರು 90 ಮಣ್ಣಿನ ದಿಬ್ಬಗಳಿದ್ದ ಈ ನೆಲೆಯನ್ನು ಆರ್ಥರ್ ಬುಲ್ಲಿಡ್ ಅವರು 1892ರಲ್ಲಿ ಪತ್ತೆಮಾಡಿದರು. ಮುಂದೆ ಹೆರಾಲ್ಡ್ ಗ್ರೇ ಅವರೂ ಸೇರಿ 1907ರವರೆಗೆ ಉತ್ಖನನ ನಡೆಯಿತು. ನೀರಿನಡಿ ಇದ್ದುದರಿಂದ ಮರದ ವಸ್ತುಗಳೂ ಉಳಿದಿದ್ದವು.

ಕ್ಲಾರ್ಕ್ ಅವರು ಅಲ್ಲಿ ಹೊಸದಾಗಿ ಅಗೆಯಲಿಲ್ಲ. ಅರ್ಧ ಶತಮಾನದ ಹಿಂದೆಯೇ ಅಚ್ಚಾಗಿದ್ದ ವರದಿಗಳನ್ನು ಮತ್ತೆ ಓದಿ, ಪ್ರತಿಯೊಂದು ಗುಡಿಸಿಲಿನ ಅಳತೆ, ಸ್ಥಾನ, ಅಲ್ಲಿ ದೊರೆತ ವಸ್ತುಗಳ ಬಗೆ ಇವನ್ನು ಒಂದಕ್ಕೊಂದು ಹೊಂದಿಸಿದರು. ದೊಡ್ಡ ಮನೆಗಳ ಜೋಡಿ, ಅದಕ್ಕೆ ಹೊಂದಿಕೊಂಡ ಚಿಕ್ಕ ಮನೆ, ಕಾರ್ಯಾಗಾರ, ಕಣಜ, ಕೊಟ್ಟಿಗೆ ಇವು ಸೇರಿದ ಒಂದು ಘಟಕ ಗ್ರಾಮದಲ್ಲಿ ಪುನರಾವರ್ತನೆಯಾಗುತ್ತದೆಂದೂ, ಗಂಡಸರ ಮತ್ತು ಹೆಂಗಸರ ಕೆಲಸದ ಜಾಗಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದೆಂದೂ ಅವರು ಪ್ರತಿಪಾದಿಸಿದರು. ಇದು ತಾತ್ಕಾಲಿಕ ಮಾದರಿಯೆಂದು ಶೀರ್ಷಿಕೆಯಲ್ಲಿಯೇ ಸೂಚಿಸಿದ್ದರು.

ಆ ಎಚ್ಚರಿಕೆ ಸಾರ್ಥಕವಾಗಿತ್ತು. ಜಾನ್ ಬ್ಯಾರೆಟ್ ಅವರು 1987ರಲ್ಲಿ ಮೂಲ ದಾಖಲೆಗಳ ಗುಣಮಟ್ಟವನ್ನೇ ಪ್ರಶ್ನಿಸಿದರು. ದಿಬ್ಬವೊಂದರಲ್ಲಿ ದೊರೆತ ವಸ್ತು ಆ ಮನೆಯವರು ಬಳಸಿದ್ದೋ, ಅಥವಾ ನೆಲವನ್ನು ಎತ್ತರಿಸಲು ಬೇರೆಡೆಯಿಂದ ತಂದು ಸುರಿದ ಮಣ್ಣಿನಲ್ಲಿದ್ದದ್ದೋ ಎಂಬುದು ಹಳೆಯ ವರದಿಗಳಿಂದ ಖಚಿತವಾಗುವುದಿಲ್ಲ. 1995ರಲ್ಲಿ ಜಾನ್ ಕೋಲ್ಸ್ ಮತ್ತು ಸ್ಟೀಫನ್ ಮಿನಿಟ್ ಅವರು ಇಡೀ ದಾಖಲೆಯನ್ನು ಪುನರ್‌ಪರಿಶೀಲಿಸಿ ಗ್ರಾಮದ ಬೆಳವಣಿಗೆಯ ಬೇರೆ ಚಿತ್ರವನ್ನು ಕೊಟ್ಟರು. ಅಗೆದವನು ಬರೆದಿಡದ ಸಂಗತಿಯನ್ನು ಅನಂತರದ ಯಾವ ವಿಶ್ಲೇಷಣೆಯೂ ಮರಳಿ ತರಲಾರದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಡಿದವರಾರು, ಯಾವ ಸಂದರ್ಭದಲ್ಲಿ ಹಾಡಿದರು ಎಂಬ ವಿವರವಿಲ್ಲದೆ ಪಾಠವನ್ನಷ್ಟೇ ಅಚ್ಚುಮಾಡಿದ ನಮ್ಮ ಹಳೆಯ ಸಂಕಲನಗಳನ್ನು ಬಳಸುವಾಗ ಎದುರಾಗುವ ತೊಡಕೂ ಇದೇ.

ಶಿಷ್ಯನ ತಿರುವು

1973ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಕ್ಲಾರ್ಕ್ ಅವರು ಪುರಾತತ್ವವು ತನ್ನ ಮುಗ್ಧತೆಯನ್ನು ಕಳೆದುಕೊಂಡಿದೆಯೆಂದೂ, ತನ್ನ ತರ್ಕವನ್ನು ತಾನೇ ವಿಮರ್ಶಿಸಿಕೊಳ್ಳುವ ಹಂತಕ್ಕೆ ಬಂದಿದೆಯೆಂದೂ ವಿವರಿಸಿದರು. ಮೂರು ವರ್ಷಗಳಲ್ಲಿ, 1976ರ ಜೂನ್ ತಿಂಗಳಲ್ಲಿ, ಅವರು ನಿಧನರಾದರು.

ಅವರ ವಿದ್ಯಾರ್ಥಿ ಇಯಾನ್ ಹಾಡರ್ ಅವರು ನೆಲೆಗಳ ಹಂಚಿಕೆಯನ್ನು ಗಣಕದ ನೆರವಿನಿಂದ ವಿಶ್ಲೇಷಿಸಿ, 1976ರಲ್ಲಿ ಕ್ಲೈವ್ ಆರ್ಟನ್ ಅವರೊಡನೆ ಗ್ರಂಥವೊಂದನ್ನು ಪ್ರಕಟಿಸಿದರು. ಆದರೆ ಒಂದೇ ಹಂಚಿಕೆಯ ವಿನ್ಯಾಸ ಹಲವು ಬೇರೆ ಬೇರೆ ಕಾರಣಗಳಿಂದ ಉಂಟಾಗಬಹುದೆಂಬುದು ಅವರಿಗೆ ಮನವರಿಕೆಯಾಯಿತು. ಕಾರಣವನ್ನು ಹುಡುಕಿಕೊಂಡು ಅವರು ಹೋದದ್ದು ಬದುಕಿರುವ ಜನರ ಬಳಿಗೆ, ಕೀನ್ಯಾ ದೇಶದ ಬರಿಂಗೊ ಪ್ರದೇಶಕ್ಕೆ. ಅಲ್ಲಿನ ಬುಡಕಟ್ಟುಗಳ ಕಿವಿಯ ಆಭರಣಗಳು ಗುಂಪಿನಿಂದ ಗುಂಪಿಗೆ ಭಿನ್ನವಾಗಿದ್ದವು. ಆದರೆ ಹಾಲಿನ ಸೋರೆಬುರುಡೆಗಳ ಮೇಲೆ ಹೆಂಗಸರು ಕೊರೆಯುವ ಅಲಂಕಾರ ಗುಂಪುಗಳ ಗಡಿಯನ್ನು ದಾಟಿಹೋಗುತ್ತಿತ್ತು. ಹಿರಿಯ ಗಂಡಸರ ಅಧಿಕಾರದ ಎದುರು ಹೆಂಗಸರ ಮೌನವಾದ ಮಾತು ಅದರಲ್ಲಿದೆಯೆಂದು ಹಾಡರ್ ಅರ್ಥೈಸಿದರು. 1982ರ ಅವರ ಕೃತಿ ಈ ಅಧ್ಯಯನದ ಫಲ. ಅಲಂಕಾರದ ಸಾಮ್ಯದಿಂದ ಜನರ ಗುಂಪನ್ನು ನೇರವಾಗಿ ಊಹಿಸಲಾಗದೆಂಬ ಈ ನಿಲುವು ಗುರುವಿನ ಬೀಕರ್ ಅಧ್ಯಯನದ ಬುಡವನ್ನೇ ಮುಟ್ಟುವಂಥದು. ಗಣಕದಿಂದ ಹೊರಟ ವಿದ್ವಾಂಸರು ಕ್ಷೇತ್ರಕಾರ್ಯದ ಜಗಲಿಗೆ ಬಂದು ಕುಳಿತ ಈ ಘಟನೆ ಜಾನಪದ ವಿದ್ಯಾರ್ಥಿಗಳು ನೆನಪಿಡತಕ್ಕದ್ದು.

ತೀರ್ಮಾನಗಳ ಪುನರ್‌ಪರೀಕ್ಷೆ

ಏಳು ಗುಂಪುಗಳ ವಲಸೆಯ ಸಿದ್ಧಾಂತ ಬಹುಕಾಲ ನಿಲ್ಲಲಿಲ್ಲ. 1972ರಲ್ಲಿ ನೆದರ್‌ಲ್ಯಾಂಡ್ಸ್‌ನ ಲಾಂಟಿಂಗ್ ಮತ್ತು ವಾನ್ ಡೆರ್ ವಾಲ್ಸ್ ಅವರು, ಮಡಕೆಗಳ ವೈವಿಧ್ಯಕ್ಕೆ ಪದೇ ಪದೇ ನಡೆದ ವಲಸೆ ಕಾರಣವಲ್ಲ, ಬ್ರಿಟನ್ನಿನೊಳಗಿನ ಪ್ರಾದೇಶಿಕ ಬೆಳವಣಿಗೆ ಕಾರಣ ಎಂದು ವಾದಿಸಿದರು. 1991ರಲ್ಲಿ ಬ್ರಿಟಿಷ್ ಮ್ಯೂಸಿಯಂನ ರೇಡಿಯೊ ಕಾರ್ಬನ್ ಕಾಲಮಾಪನದ ಫಲಿತಾಂಶಗಳು ಪ್ರಕಟವಾದಾಗ, ಮಡಕೆಯ ಆಕಾರವನ್ನಷ್ಟೇ ಆಧರಿಸಿ ಕಟ್ಟಿದ ಯಾವ ಅನುಕ್ರಮಕ್ಕೂ ಸ್ಪಷ್ಟ ಬೆಂಬಲ ದೊರೆಯಲಿಲ್ಲ. ಜನ ಬರಲೇ ಇಲ್ಲ, ಮಡಕೆಯ ಬಳಕೆ ಮಾತ್ರ ಹರಡಿತು ಎಂಬ ಅಭಿಪ್ರಾಯ ಆ ವೇಳೆಗೆ ಪ್ರಬಲವಾಗಿತ್ತು.

2018ರಲ್ಲಿ ಚಿತ್ರ ಮತ್ತೆ ಬದಲಾಯಿತು. ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು ಯುರೋಪಿನ 400 ಪ್ರಾಚೀನ ವ್ಯಕ್ತಿಗಳ ಅವಶೇಷಗಳನ್ನು ಪರಿಶೀಲಿಸಿತು. ಬೀಕರ್ ಮಡಕೆಗಳು ಬಂದ ಕೆಲವೇ ನೂರು ವರ್ಷಗಳಲ್ಲಿ ಬ್ರಿಟನ್ನಿನ ಜನರ ವಂಶವಾಹಿ ಸಂಪತ್ತಿನ ಸುಮಾರು ಶೇ. 90ರಷ್ಟು ಭಾಗ ಹೊಸದಾಗಿ ಬಂದವರದಾಗಿತ್ತೆಂದು ಅದು ತೋರಿಸಿತು. ಆದರೆ ಐಬೀರಿಯಾ ಮತ್ತು ಮಧ್ಯ ಯುರೋಪಿನ ಬೀಕರ್ ಜನರ ನಡುವೆ ಅಂಥ ರಕ್ತಸಂಬಂಧ ಹೆಚ್ಚಾಗಿ ಕಂಡುಬರಲಿಲ್ಲ. ಎಂದರೆ, ಒಂದು ಕಡೆ ಮಡಕೆಯೊಂದಿಗೆ ಜನರೂ ಬಂದಿದ್ದರು, ಇನ್ನೊಂದು ಕಡೆ ಮಡಕೆಯ ರೀತಿ ಮಾತ್ರ ಹೋಗಿತ್ತು. ಕ್ಲಾರ್ಕ್ ಅವರ ಏಳು ಗುಂಪುಗಳು ಉಳಿಯಲಿಲ್ಲ. ಸಮುದ್ರ ದಾಟಿ ಜನ ಬಂದರೆಂಬ ಅವರ ಮಾತು ಮಾತ್ರ ಬೇರೊಂದು ದಾರಿಯಿಂದ ಮರಳಿ ಬಂತು.

ಇದನ್ನು ಗಣಕದ ಸೋಲೆಂದಾಗಲಿ ಗೆಲುವೆಂದಾಗಲಿ ಹೇಳುವುದು ಸರಿಯಲ್ಲ. ಮಡಕೆಗಳ ಸಾಮ್ಯವನ್ನು ಯಂತ್ರ ಎಣಿಸಿತು. ಆ ಸಾಮ್ಯವೆಂದರೆ ವಲಸೆ ಎಂದು ಹೇಳಿದ್ದು ಮನುಷ್ಯ. ಕ್ಲಾರ್ಕ್ ಅವರ ನಿಜವಾದ ಕೊಡುಗೆಯೆಂದರೆ ಈ ಎರಡು ಹೆಜ್ಜೆಗಳನ್ನು ಬೇರ್ಪಡಿಸಿ ನೋಡಲು ಸಾಧ್ಯವಾಗುವಂತೆ ತಮ್ಮ ಲಕ್ಷಣಪಟ್ಟಿಯನ್ನೂ ದಾಖಲೆಯನ್ನೂ ಬಯಲಿಗಿಟ್ಟದ್ದು. ಮುಂದಿನವರು ಅವರನ್ನು ಖಂಡಿಸಲು ಬಳಸಿದ್ದು ಬಹುಮಟ್ಟಿಗೆ ಅವರೇ ಕೂಡಿಸಿಕೊಟ್ಟ ಸಾಮಗ್ರಿಯನ್ನು.

ಕರ್ನಾಟಕದ ನೆಲೆಗಳು ಮತ್ತು ನಮ್ಮ ಪಾಲು

ಈ ಚರ್ಚೆ ನಮ್ಮ ನೆಲಕ್ಕೂ ತಲುಪಿತು. ಎಚ್.ಡಿ. ಸಾಂಕಳಿಯಾ ಅವರು ನವ ಪುರಾತತ್ವವು ಭಾರತಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಕುರಿತು ನೀಡಿದ ಉಪನ್ಯಾಸಗಳು 1977ರಲ್ಲಿ ಗ್ರಂಥವಾಗಿ ಬಂದವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಹಳೆಯ ಶಿಲಾಯುಗದ ನೆಲೆಗಳನ್ನು ಶೋಧಿಸಿದರು. ಅಲ್ಲಿನ ಇಸಾಂಪುರದಲ್ಲಿ ಸುಣ್ಣಕಲ್ಲಿನಿಂದ ಕೈಗೊಡಲಿಗಳನ್ನು ತಯಾರಿಸಿದ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಸೂಚಿಸಲಾಗಿದೆ. ಪಾಶ್ಚಾತ್ಯ ಸಿದ್ಧಾಂತಗಳನ್ನು ಹೊರಗಿನವನ ಕಣ್ಣಿನಿಂದ ವಿಮರ್ಶಿಸಿದ ಅವರ ಗ್ರಂಥ 1990ರಲ್ಲಿ ಪ್ರಕಟವಾಯಿತು.

ಕ್ಲಾರ್ಕ್ ಅವರು ಕೋಷ್ಟಕಗಳನ್ನು ಹೊಂದಿಸುತ್ತಿದ್ದ ವರ್ಷಗಳಲ್ಲಿ ಅದೇ ಕೇಂಬ್ರಿಜ್‌ನಲ್ಲಿ ರೇಮಂಡ್ ಆಲ್ಚಿನ್ ಅವರು ಅಧ್ಯಾಪಕರಾಗಿದ್ದರು. ಇಂದಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದು, ದಖನ್ ಪ್ರದೇಶದ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಉಂಟಾದವೆಂದು ಅವರು 1963ರ ಗ್ರಂಥದಲ್ಲಿ ಸ್ಥಾಪಿಸಿದರು. ಆ ಬೆಂಕಿಯನ್ನು ಅರ್ಥೈಸಲು ದನಗಳನ್ನು ಬೆಂಕಿ ದಾಟಿಸುವ ನಮ್ಮ ಹಬ್ಬಗಳ ಆಚರಣೆಗಳನ್ನು ಆಧಾರವಾಗಿ ಬಳಸಿಕೊಂಡರು. ಮೈಸೂರು ಸೀಮೆಯ ರೈತರು ಸಂಕ್ರಾಂತಿಯ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಜೋಡಣೆಯ ಬೆಲೆ ತಿಳಿಯುತ್ತದೆ. ಹಂಪೆಯ ಸಮೀಪದ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತೆಯೆನ್ನುತ್ತಾರೆ. 1990ರ ದಶಕದಲ್ಲಿ ಪದ್ದಯ್ಯ ಅವರು ಅಗೆದ ನವಶಿಲಾಯುಗದ ನೆಲೆಯ ಊರಿನ ಹೆಸರೇ ಬೂದಿಹಾಳ. ದಿಬ್ಬದ ಎತ್ತರ, ಬೂದಿಯ ಪದರ, ಮೂಳೆಗಳ ಸಂಖ್ಯೆ ಇವು ಕೋಷ್ಟಕಕ್ಕೆ ಸುಲಭವಾಗಿ ಸೇರುತ್ತವೆ. ಊರಿನ ಹೆಸರು, ಸ್ಥಳದ ಐತಿಹ್ಯ, ಆಚರಣೆ ಇವಕ್ಕೆ ಅಂಕಣವಿದ್ದರೆ ಮಾತ್ರ ಸೇರುತ್ತವೆ. ಅಂಕಣ ಹಾಕುವವನು ಇವನ್ನು ಅರಿತಿರಬೇಕು.

ಉಪಸಂಹಾರ

ಕಳೆದ ಕೆಲವು ದಶಕಗಳಲ್ಲಿ ನಮ್ಮ ಜನಪದ ಸಂಗ್ರಹಗಳೂ ಗಣಕಕ್ಕೆ ಸೇರತೊಡಗಿವೆ. ಧ್ವನಿಸುರುಳಿಗಳು ಕಡತಗಳಾಗುತ್ತಿವೆ, ಹಸ್ತಪ್ರತಿಗಳು ಚಿತ್ರಗಳಾಗುತ್ತಿವೆ. ಪ್ರತಿಯೊಂದಕ್ಕೂ ಒಂದು ನಮೂನೆಯನ್ನು ತುಂಬಬೇಕಾಗುತ್ತದೆ. ಕಥೆಯ ಹೆಸರು, ಜಿಲ್ಲೆ, ವರ್ಗಸಂಖ್ಯೆ ಎಂಬ ಮೂರೇ ಅಂಕಣಗಳಿದ್ದರೆ ಅರ್ಧ ಶತಮಾನದ ಅನಂತರ ಬರುವ ವಿದ್ಯಾರ್ಥಿಗೆ ದೊರೆಯುವುದೂ ಅಷ್ಟೇ. ಹೇಳಿದವರು ಯಾರಿಂದ ಕಲಿತರು, ಕೇಳಿದವರು ಯಾರು, ಎಲ್ಲಿ ನಕ್ಕರು, ಯಾವ ಭಾಗವನ್ನು ಹೇಳಲು ಒಪ್ಪಲಿಲ್ಲ ಎಂಬುದಕ್ಕೆ ಸ್ಥಳವಿರದಿದ್ದರೆ, ಗ್ಲಾಸ್ಟನ್‌ಬರಿಯ ದಿಬ್ಬಗಳ ಮುಂದೆ ಕ್ಲಾರ್ಕ್ ಅವರು ನಿಂತ ಸ್ಥಿತಿಯಲ್ಲಿಯೇ ಅವರೂ ನಿಲ್ಲಬೇಕಾಗುತ್ತದೆ. ಕಲಾವಿದರು ಬದುಕಿರುವಾಗಲೇ ಕೇಳಿ ಬರೆಯಬಹುದಾದದ್ದನ್ನು ಅವರು ತೀರಿಕೊಂಡ ಮೇಲೆ ಯಾವ ಯಂತ್ರವೂ ಕೇಳಿ ಹೇಳದು.

ಆದ್ದರಿಂದ ಕ್ಲಾರ್ಕ್ ಅವರ ವೃತ್ತಿಜೀವನದಿಂದ ನಾವು ಪಡೆಯಬೇಕಾದದ್ದು ಯಂತ್ರದ ಮೇಲಿನ ಮೋಹವಲ್ಲ, ಅಂಜಿಕೆಯೂ ಅಲ್ಲ. ತಾನು ಏನನ್ನು ಗಮನಿಸಿದೆ, ಏನನ್ನು ಬಿಟ್ಟೆ, ಯಾವ ಹೆಜ್ಜೆಯಲ್ಲಿ ಊಹಿಸಿದೆ ಎಂಬುದನ್ನು ಮುಂದಿನವರಿಗೆ ಕಾಣುವಂತೆ ಬರೆದಿಡುವ ಶಿಸ್ತು ಅದು. ಆ ಶಿಸ್ತಿನೊಡನೆ ಮಾಡಿದ ಕೆಲಸದ ತೀರ್ಮಾನ ತಪ್ಪಾದರೂ ಕೆಲಸ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಬೀಕರ್ ಮಡಕೆಗಳ ಆ ಎರಡು ಸಂಪುಟಗಳೇ ಸಾಕ್ಷಿ.